ಮೂರು ಕಾಲಿನ ಮೇಜು

ನಮ್ಮ ಶೆಡ್ಡಿಗೆ ಬಂದವರೆಲ್ಲ ಮೊದಲು ಕೇಳುವುದು ಒಂದೇ ಮಾತು: "ಅಲ್ಲ, ಇಷ್ಟು ದೊಡ್ಡ ಕಬ್ಬಿಣದ ಮೇಜಿಗೆ ಮೂರೇ ಕಾಲಾ? ನಾಲ್ಕನೆಯದಕ್ಕೆ ಕಬ್ಬಿಣ ಸಾಲಲಿಲ್ಲವಾ?" ಕ್ಯಾರೆಟ್ ತೊಳೆಯುವ ಯಂತ್ರದ ಡ್ರಮ್ಮು ಬಿರುಕು ಬಿಟ್ಟಿತೆಂದು ತುಮ್ಮನಟ್ಟಿಯಿಂದ ಬಂದವರೂ ಕೇಳುತ್ತಾರೆ, ಗೇಟಿನ ಕೀಲು ಕಿತ್ತಿತೆಂದು ಬಂದವರೂ ಕೇಳುತ್ತಾರೆ. ಅವರಿಗೆಲ್ಲ ಬಾಯಿಗೆ ಬಂದ ಉತ್ತರ ಹೇಳಿ ಕಳಿಸುತ್ತೇನೆ. ನಿಮ್ಮ ಹತ್ತಿರ ಹಾಗೆ ಜಾರಿಕೊಳ್ಳಲು ಮನಸ್ಸು ಬರುವುದಿಲ್ಲ. ನಿಜ ಹೇಳಿಬಿಡುತ್ತೇನೆ. ಆ ಮೇಜನ್ನು ನಾನು ಮಾಡಿಸಿದ್ದು ಒಬ್ಬ ಮನುಷ್ಯನನ್ನು ಸಿಕ್ಕಿಹಾಕಿಸಲು.

ನನ್ನ ಹೆಸರು ಹಾಲ. ಆ ಮನುಷ್ಯ ಬೋಜಣ್ಣ. ನನಗಿಂತ ಮೂರು ವರ್ಷ ದೊಡ್ಡವನು, ಪಕ್ಕದ ಹಟ್ಟಿಯವನು. ಹಟ್ಟಿ ಎಂದರೆ ನಮ್ಮ ಕೂನೂರು ಬೆಟ್ಟದ ಕಡೆ ಊರು. ಒಂದು ಟೀ ಫ್ಯಾಕ್ಟರಿಯಲ್ಲಿ ಬಹಳ ವರ್ಷ ವೆಲ್ಡರ್ ಆಗಿದ್ದ. ಅದು ಮುಚ್ಚಿದ ವರ್ಷವೇ ನಾನೂ ಅರವಂಕಾಡಿನ ಸಿಡಿಮದ್ದಿನ ಕಾರ್ಖಾನೆಯಿಂದ ನಿವೃತ್ತನಾಗಿ ಮನೆಗೆ ಬಂದೆ. ನನ್ನಲ್ಲಿ ರಸ್ತೆ ಬದಿಯ ಒಂದು ತುಂಡು ಜಾಗ ಇತ್ತು, ಅವನಲ್ಲಿ ಕಸುಬು ಇತ್ತು. ಶೆಡ್ಡು ಹಾಕಿ ಈಗ ಎಂಟು ವರ್ಷ. ಅವನು ವೆಲ್ಡಿಂಗ್ ಮಾಡುತ್ತಾನೆ. ನಾನು ಅಳತೆ ತೆಗೆಯುತ್ತೇನೆ, ಕಬ್ಬಿಣ ಕತ್ತರಿಸುತ್ತೇನೆ, ಗಿರಾಕಿಗಳ ಜೊತೆ ವಾದ ಮಾಡುತ್ತೇನೆ, ಉಳಿದ ಹೊತ್ತಿನಲ್ಲಿ ಎಲ್ಲರನ್ನೂ ಅನುಮಾನಿಸುತ್ತೇನೆ.

ಅನುಮಾನ ನನಗೆ ಅಂಟಿಕೊಂಡದ್ದು ಕಾರ್ಖಾನೆಯಲ್ಲಿ. ಮದ್ದು ಮಾಡುವ ಜಾಗ ಅದು; ಒಂದು ಕಿಡಿ ಹಾರಿದರೆ ಸಾಕು. ದಿನಾ ಬೆಳಿಗ್ಗೆ ಗೇಟಿನಲ್ಲಿ ಕೈ ಮೇಲೆತ್ತಿ ನಿಲ್ಲಬೇಕು, ಜೇಬು ತಡವುತ್ತಾರೆ, ಬೆಂಕಿಪೆಟ್ಟಿಗೆ ಇದೆಯೇ ಎಂದು. ತಡವುವವನು ನನ್ನ ಜೊತೆ ಒಂದೇ ಬಸ್ಸಿನಲ್ಲಿ ಬಂದವನೇ, ದಾರಿಯುದ್ದಕ್ಕೂ ನನ್ನ ಕಡಲೆಕಾಯಿ ತಿಂದವನೇ. ಗೇಟು ಬಂದಕೂಡಲೇ ಅವನಿಗೆ ನಾನು ಯಾರೋ. ಅದರಲ್ಲಿ ಬೇಸರಪಡುವುದೇನೂ ಇರಲಿಲ್ಲ, ಅಲ್ಲಿ ಅನುಮಾನವೇ ನಮ್ಮೆಲ್ಲರ ಜೀವ ಕಾಯುತ್ತಿತ್ತು. ತೊಂದರೆ ಏನೆಂದರೆ ನಿವೃತ್ತಿಯ ದಿನ ಹಾರ, ಶಾಲು, ಗೋಡೆ ಗಡಿಯಾರದ ಜೊತೆಗೆ ನಾನು ಅದನ್ನೂ ಮನೆಗೆ ತಂದೆ. "ಅಲ್ಲಿ ಬೆಂಕಿಕಡ್ಡಿ ಹುಡುಕಿದಿರಿ, ಇಲ್ಲಿ ನನ್ನ ಮಾತಲ್ಲಿ ಏನು ಹುಡುಕ್ತಿದೀರಿ?" ಎಂದು ನನ್ನ ಹೆಂಡತಿ ಗಿರಿಜೆ ಕೇಳುತ್ತಾಳೆ. ಅಂಥವನು ಹೋಗಿ ಹಾಕಿದ್ದು ಬೆಳಗಿನಿಂದ ಸಂಜೆಯ ತನಕ ಕಿಡಿ ಹಾರಿಸುವ ಅಂಗಡಿ. ಮೊದಲ ಆರು ತಿಂಗಳು ಬೋಜಣ್ಣ ಪ್ರತಿ ಸಲ ರಾಡು ತಾಗಿಸಿದಾಗಲೂ ನಾನು ಬಾಗಿಲ ಕಡೆಗೆ ಎರಡು ಹೆಜ್ಜೆ ಇಡುತ್ತಿದ್ದೆ.

ಎಲ್ಲವನ್ನೂ ಕಾರ್ಖಾನೆಯ ತಲೆಗೆ ಕಟ್ಟುವುದೂ ನ್ಯಾಯವಲ್ಲ. ನಮ್ಮ ಅವ್ವೆಗೂ ಅನುಮಾನ ಜಾಸ್ತಿ ಇತ್ತು. ನಮ್ಮ ಹಟ್ಟಿಯ ಮನೆಗಳು ಒಂದರ ಕೆಳಗೆ ಒಂದು ಸಾಲು. ಅಂಗಳದಲ್ಲಿ ಕೈ ಜಾರಿ ಒಂದು ಆಲೂಗಡ್ಡೆ ಬಿತ್ತೋ, ಅದರ ಹಿಂದೆ ಓಡಿ ಪ್ರಯೋಜನವಿಲ್ಲ. ಕೆಳಸಾಲಿನ ಮನೆಯ ಬಾಗಿಲಿಗೆ ಹೋಗಿಯೇ ನಿಲ್ಲುತ್ತದೆ. ಕೆಳಮನೆಯ ಅತ್ತೆ ಸಂಜೆ ನಾಲ್ಕು ಆಲೂಗಡ್ಡೆ ತಂದು ಕೊಟ್ಟರೆ, ಉರುಳಿದ್ದು ಐದು ಎಂದು ಅವ್ವೆಗೆ ಖಾತ್ರಿ. ಅವರ ಮಕ್ಕಳು ನಮ್ಮ ಆಲೂಗಡ್ಡೆ ತಿಂದೇ ಅಷ್ಟು ದಪ್ಪಗಾದರೆಂದು ಕೊನೆಯವರೆಗೂ ನಂಬಿದ್ದಳು. ನಾವು ಮೇಲುಸಾಲಿನವರ ಆಲೂಗಡ್ಡೆ ಎಷ್ಟು ತಿಂದೆವು ಎಂಬುದು ಮಾತ್ರ ನಮ್ಮ ಮನೆಯಲ್ಲಿ ಚರ್ಚೆಗೆ ಬಂದದ್ದಿಲ್ಲ.

ಇಳಿಜಾರಿನಲ್ಲಿ ಹುಟ್ಟಿದವನಿಗೆ ಮಟ್ಟದ ಹುಚ್ಚು ಎಂಥದ್ದು ಎಂದು ಬಯಲಿನವರಿಗೆ ಹೇಳಿದರೆ ತಿಳಿಯುವುದು ಕಷ್ಟ. ನಮ್ಮಲ್ಲಿ ಹಂಡೆಗೆ ಒಂದು ಕಡೆ ಕಲ್ಲು ಕೊಡಬೇಕು, ಮಂಚಕ್ಕೆ ಒಂದು ಕಡೆ ಇಟ್ಟಿಗೆ, ಮದುವೆ ಚಪ್ಪರಕ್ಕೆ ಒಂದು ಕಡೆ ಉದ್ದನೆಯ ಕಂಬ. ಮೊದಲ ಸಲ ಮೈಸೂರಿಗೆ ಹೋದಾಗ ಬಸ್ಸಿನಿಂದಿಳಿದು ಕಣ್ಣು ಹಾಯುವವರೆಗೂ ಸಪಾಟಾಗಿದ್ದ ನೆಲ ನೋಡಿ, ಇದು ಎಲ್ಲೋ ಮೋಸ ಎಂದುಕೊಂಡು ಕಾಲ್ಬೆರಳು ಒತ್ತಿಕೊಂಡೇ ನಡೆದೆ. ನೌಕರಿ ಸಿಕ್ಕ ಮೊದಲ ತಿಂಗಳು ನಾನು ಕೊಂಡದ್ದು ಕೈಗಡಿಯಾರವಲ್ಲ, ಒಂದು ರಸಮಟ್ಟ. ಗಾರೆಯವರು ಗೋಡೆಯ ಮೇಲಿಟ್ಟು ಗುಳ್ಳೆ ನಡುವಿಗೆ ಬಂತೇ ಎಂದು ನೋಡುತ್ತಾರಲ್ಲ, ಅದೇ. ಮಾವನ ಮನೆಗೆ ಹೋದಾಗಲೂ ಊಟದ ಮೇಜಿನ ಮೇಲೆ ಒಮ್ಮೆ ಇಟ್ಟು ನೋಡಿದ್ದೆನಂತೆ. ಇದನ್ನು ಗಿರಿಜೆ ಇಂದಿಗೂ ಬಂದವರಿಗೆಲ್ಲ ಹೇಳುತ್ತಾಳೆ.

ಇನ್ನು ಶೆಡ್ಡಿನ ವಿಷಯ. ಅರ್ಧ ಜಾಗ ಗುಡ್ಡ ಕಡಿದದ್ದು, ಅರ್ಧ ಮಣ್ಣು ತುಂಬಿದ್ದು. ತುಂಬಿದ ಕಡೆ ಪ್ರತಿ ಮಳೆಗೂ ಒಂದಿಷ್ಟು ಕುಸಿಯುತ್ತದೆ. ನಮ್ಮ ಹಳೆಯ ವೆಲ್ಡಿಂಗ್ ಮೇಜು ನಾಲ್ಕು ಕಾಲಿನದು, ತೆಳ್ಳಗಿನ ಕಬ್ಬಿಣದ ಹಲಗೆಯದು. ಅದರ ಬಲಗಡೆಯ ಎರಡು ಕಾಲು ಕುಸಿಯುವ ನೆಲದ ಮೇಲೆ. ನಾನು ದಿನಾ ಬೆಳಿಗ್ಗೆ ಬೋಜಣ್ಣ ಬರುವುದಕ್ಕೆ ಅರ್ಧ ಗಂಟೆ ಮೊದಲೇ ಬಂದು, ಮೇಜಿನ ಮುಂದಿನ ಅಂಚಿನ ಮೇಲೆ ರಸಮಟ್ಟ ಇಟ್ಟು, ಬಲಮುಂಗಾಲಿನ ಅಡಿಗೆ ಮರದ ಬೆಣೆ, ನಮ್ಮ ಮಾತಿನಲ್ಲಿ ಆಪ್ಪು, ಹೊಡೆಯುತ್ತಿದ್ದೆ. ಗುಳ್ಳೆ ನಡುವಿಗೆ ಬಂದು ನಿಂತಿತೆಂದರೆ ಆ ದಿನದ ಕಾಫಿ ರುಚಿ. ಹಿಂಗಾಲಿನ ಕಡೆಗೆ ಕೈ ಹಾಕಿದವನಲ್ಲ. ಅಲ್ಲಿ ವೆಲ್ಡಿಂಗ್ ಸೆಟ್ಟು ಇತ್ತು, ಅದರ ಹಿಂದೆ ಗೋಡೆ. ಯಾರಿಗೂ ಹೇಳಿದ್ದೂ ಇಲ್ಲ. ಹಲ್ಲುಜ್ಜಿದ್ದನ್ನು ಊರಿಗೆಲ್ಲ ಹೇಳಿಕೊಂಡು ಬರುತ್ತೇವೆಯೇ?

ಒಂದೆರಡು ಸಲ ಬೆಣೆಯೇ ಕಾಣೆಯಾಗಿತ್ತು. ಪಕ್ಕದ ಟೀ ಅಂಗಡಿಯವನು ಒಲೆಗೆ ಹಾಕಿಕೊಂಡನೆಂದು ಅನುಮಾನಪಟ್ಟು, ಒಂದು ವಾರ ಅವನ ಅಂಗಡಿಯ ಟೀ ಬಿಟ್ಟೆ. ಬೇರೆ ಬೆಣೆ ಮಾಡಿದೆ, ಇನ್ನೂ ದಪ್ಪದ್ದು.

ಹೀಗಿರುವಾಗ ಕರಡಿ ಬಂತು. ನಮ್ಮ ಹಟ್ಟಿಯ ಬಾಲವಾಡಿಯ ಅಡುಗೆಮನೆಗೆ, ಎಣ್ಣೆ ಮತ್ತು ಮಕ್ಕಳ ಗಂಜಿಗೆಂದು ಇಟ್ಟ ಸತ್ತುಮಾವು ಹಿಟ್ಟಿನ ವಾಸನೆಗೆ. ಮರದ ಬಾಗಿಲನ್ನು ಹಪ್ಪಳ ಮುರಿದ ಹಾಗೆ ಮುರಿದು, ತಿಂದಷ್ಟು ತಿಂದು, ಉಳಿದದ್ದರಲ್ಲಿ ಹೊರಳಾಡಿ ಹೋಗಿತ್ತು. ಕಬ್ಬಿಣದ ಬಾಗಿಲು ಮಾಡುವ ಕೆಲಸ ನಮಗೆ ಬಂತು. ಮಾಡಿ ಕೂರಿಸಿದೆವು. ಬಾಗಿಲ ಮೇಲಿನ ಮೂಲೆ ಚೌಕಟ್ಟಿಗೆ ಸರಿಯಾಗಿ ತಾಗಿತು, ಕೆಳಗಿನ ಮೂಲೆ ಎರಡು ಬೆರಳು ಹೊರಗೇ ನಿಂತಿತು. ಚಿಲಕ ಕೂರಲಿಲ್ಲ. ಅಡುಗೆಯ ಮಾದಿಯಮ್ಮ ಸೊಂಟಕ್ಕೆ ಕೈಕೊಟ್ಟು ನೋಡಿದಳು. ನಮ್ಮ ಬಡಗ ಮಾತನ್ನು ಇದ್ದ ಹಾಗೇ ಬರೆದರೆ ನಿಮಗೆ ಅರ್ಧ ದಕ್ಕಲಿಕ್ಕಿಲ್ಲ, ಅಲ್ಲಲ್ಲಿ ಕನ್ನಡದ ಕಡೆಗೆ ಬಾಗಿಸಿ ಬರೆಯುತ್ತಿದ್ದೇನೆ.

"ಹಾಲಣ್ಣ, ಇದು ಯಾಕೆ ಸಂದು? ಕರಡಿಗೆ ಕೈ ಹಾಕೋಕೆ ಅನುಕೂಲ ಆಗ್ಲಿ ಅಂತ ಬಿಟ್ಟಿದ್ದಾ?"

ಇನ್ನೊಂದು ಮಾಡಿದೆವು. ಅದೂ ಹಾಗೇ ತಿರುಚಿಕೊಂಡಿತು. ಬೋಜಣ್ಣ ಮುಖವಾಡ ತೆಗೆದು ಬಾಗಿಲನ್ನೇ ಸ್ವಲ್ಪ ಹೊತ್ತು ನೋಡಿ, "ಮೇಜು ಸರಿ ಇಲ್ಲೆ ಹಾಲ," ಅಂದ. ಈ ಮಾತನ್ನು ಅವನು ಹೇಳಿದ್ದು ಅದೇ ಮೊದಲಲ್ಲ. ಆದರೆ ನನಗೆ ಪಿತ್ತ ನೆತ್ತಿಗೇರಿತು. ದಿನಾ ಬೆಳಿಗ್ಗೆ ಗುಳ್ಳೆ ನೋಡಿ ಮಟ್ಟ ಮಾಡುವ ಮೇಜು! ತಪ್ಪು ತನ್ನದಿಟ್ಟುಕೊಂಡು ಮೇಜಿನ ಮೇಲೆ ಹಾಕುತ್ತಿದ್ದಾನೆ ಎಂದುಕೊಂಡೆ. ಕಣ್ಣು ಹೋಗಿದೆ, ಒಪ್ಪಿಕೊಳ್ಳಲು ನಾಚಿಕೆ ಎಂದೂ ತೀರ್ಮಾನ ಮಾಡಿದೆ.

ಆಮೇಲೆ ಪರೀಕ್ಷೆಗಳನ್ನು ಶುರುಮಾಡಿದೆ. ಅವನ ಸೀಮೆಸುಣ್ಣದ ಡಬ್ಬಿಯನ್ನು ಇಟ್ಟಲ್ಲಿಂದ ಒಂದು ಮೊಳ ಎಡಕ್ಕೆ ಸರಿಸಿ, ತಡವಾಡುತ್ತಾನೆಯೇ ಎಂದು ನೋಡಿದೆ; ತಡವಾಡಿದ. ನಿವೃತ್ತಿಯಲ್ಲಿ ಕೊಟ್ಟ ಗೋಡೆ ಗಡಿಯಾರವನ್ನು ಶೆಡ್ಡಿನಲ್ಲಿ ತೂಗುಹಾಕಿ "ಅಣ್ಣ, ಗಂಟೆ ಎಷ್ಟು?" ಎಂದು ಕೇಳಿದೆ, ಕತ್ತು ಓರೆ ಮಾಡಿ ಬಲಗಣ್ಣಿನಿಂದ ನೋಡಿ ಹೇಳಿದ. ಪೇಪರು ಕೊಟ್ಟು ಓದು ಅಂದೆ. ಓದುವುದರಲ್ಲಿ ಏನಿದೆ, ನೀನೇ ಹೇಳು ಅಂದ. ಎಲ್ಲ ಸಾಕ್ಷಿಗಳೂ ಸೇರಿದವು. ಮೂರನೇ ಬಾಗಿಲೂ ತಿರುಚಿದರೆ ಬೋಜಣ್ಣನಿಗೆ ಸಾಕು ಅಣ್ಣ, ಇನ್ನು ಮನೆಯಲ್ಲಿರು ಎಂದು ಹೇಳಿಬಿಡುವುದು, ಬೇರೆ ವೆಲ್ಡರನ್ನು ನೋಡಿಕೊಳ್ಳುವುದು ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿದೆ. ಆದರೆ ಅವನು ಮತ್ತೆ ಮೇಜಿನ ನೆವ ಹೇಳಬಾರದು. ಅದಕ್ಕೆ ಯಾರೂ ಬೆರಳು ತೋರಿಸಲಾಗದಂಥ ಮೇಜು ಮಾಡಿಸಬೇಕು. ಇದು ನನ್ನ ಉಪಾಯ. ಅವನಿಗೆ ಹೇಳಿದ್ದು ಮಾತ್ರ, "ನೀ ಹೇಳಿದ್ದು ಸರಿ ಅಣ್ಣ, ಹೊಸ ಮೇಜು ಮಾಡೋಣ" ಎಂದು. ಅವನ ಮುಖ ಎಷ್ಟು ಅರಳಿತೆಂದರೆ ನಾನು ಅತ್ತ ತಿರುಗಿ ಅಳತೆ ಟೇಪು ಹುಡುಕುವ ನೆವ ಮಾಡಿದೆ.

ಮೇಜಿನ ಪ್ರಾಣವೆಲ್ಲ ಮೇಲಿನ ಹಲಗೆಯಲ್ಲಿ. ದಪ್ಪ ಇರಬೇಕು, ಸಪಾಟು ಇರಬೇಕು. ಕೂನೂರಿನ ಕೆಳಗೆ ಹಳೆಯ ಕಬ್ಬಿಣ ಮಾರುವವನ ಹತ್ತಿರ ಯಾವುದೋ ಯಂತ್ರದ ಅಡಿಯಲ್ಲಿದ್ದ ಹಲಗೆ ಇದೆಯೆಂದು ಸುದ್ದಿ ತಂದವನೂ ಬೋಜಣ್ಣನೇ. ಇಬ್ಬರೂ ಹೋದೆವು. ಹೆಬ್ಬೆರಳಿನಷ್ಟು ದಪ್ಪ, ಅಂಚಿನಲ್ಲಿ ನಾಲ್ಕು ತೂತು, ಮೇಲೆ ತುಕ್ಕು. ನೋಡಿದರೆ ಒಳ್ಳೆಯದೇ. ಅದಕ್ಕೇ ಅನುಮಾನ ಬಂತು. ಒಳ್ಳೆಯ ಹಲಗೆ ಇಷ್ಟು ದಿನ ಯಾಕೆ ಮಾರಿ ಹೋಗಲಿಲ್ಲ? ಈ ಮಗ್ಗುಲೇ ಮೇಲೆ ಮಾಡಿ ಯಾಕೆ ಮಲಗಿಸಿದ್ದಾನೆ? ತಿರುಗಿಸಿ ತೋರಿಸು ಅಂದೆ. ನಾಲ್ಕು ಜನ ಹಾರೆ ಹಾಕಿ ತಿರುಗಿಸಿದರು. ಆ ಮಗ್ಗುಲು ಇನ್ನೂ ಚೆನ್ನಾಗಿತ್ತು. ಹಾಗಾದರೆ ಮೊದಲಿನ ಮಗ್ಗುಲನ್ನು ಇನ್ನೊಂದು ಸಲ ನೋಡಬೇಕಲ್ಲ. ಮಾರುವವನು ತಮಿಳಿನಲ್ಲಿ, ನನ್ನ ಮಗನಿಗೆ ಹೆಣ್ಣು ನೋಡಲು ಹೋದಾಗಲೂ ನಾವು ಇಷ್ಟು ವಿಚಾರಿಸಲಿಲ್ಲ ಸಾಮಿ ಎಂದು ಹಣೆ ಒರೆಸಿಕೊಂಡ.

ಬೋಜಣ್ಣ ಜೇಬಿನಿಂದ ದಾರದ ಉಂಡೆ ತೆಗೆದ. ಹಲಗೆಯ ನಾಲ್ಕು ಮೂಲೆಗೂ ಒಂದೇ ದಪ್ಪದ ನಾಲ್ಕು ಕಬ್ಬಿಣದ ಚೂರು ಇಟ್ಟ. ಈ ಮೂಲೆಯಿಂದ ಎದುರು ಮೂಲೆಗೆ ಒಂದು ದಾರ, ಆ ಮೂಲೆಯಿಂದ ಅದರ ಎದುರಿಗೆ ಇನ್ನೊಂದು, ಎರಡನ್ನೂ ಬಿಗಿಯಾಗಿ ಎಳೆದು ಕಟ್ಟಿದ. ನಡುವೆ ಎರಡು ದಾರವೂ ಒಂದನ್ನೊಂದು ಮುಟ್ಟಿಯೂ ಮುಟ್ಟದ ಹಾಗೆ ದಾಟಿದವು.

"ಮುಟ್ಟಿದರೆ ಹಲಗೆ ತಿರುಚಿಲ್ಲೆ ಅಂತ. ಸಂದು ಬಿಟ್ಟರೆ ತಿರುಚಿದೆ ಅಂತ," ಅಂದ ಬೋಜಣ್ಣ. "ರಸಮಟ್ಟ ಇದನ್ನ ಹೇಳೋದಿಲ್ಲ ಹಾಲ. ಅದು ಅದರ ಅಡಿಯಲ್ಲಿರೋ ಒಂದು ಮೊಳದ ಮಾತು ಮಾತ್ರ ಹೇಳುತ್ತೆ."

ನಾನು ತಲೆಯಾಡಿಸಿದೆ. ಕಿವಿಗೆ ಹಾಕಿಕೊಂಡದ್ದು ಅರ್ಧವೇ. ದಾರ ಮುಟ್ಟಿತೋ ಇಲ್ಲವೋ ಎಂದು ಅವನು ಕತ್ತು ಓರೆ ಮಾಡಿ ನೋಡಿದ್ದನ್ನು ಮಾತ್ರ ಪೂರ್ತಿ ಗಮನಿಸಿದೆ.

ಹಲಗೆ ಶೆಡ್ಡಿಗೆ ಬಂತು. ಮರುದಿನ ಭಾನುವಾರ, ಬೋಜಣ್ಣ ಬರುವುದಿಲ್ಲ. ಮಧ್ಯಾಹ್ನ ಊಟ ಮಾಡಿ, ಗಿರಿಜೆಗೆ ಸುಳ್ಳು ಹೇಳಿ, ದಾರದ ಉಂಡೆ ತೆಗೆದುಕೊಂಡು ಒಬ್ಬನೇ ಶೆಡ್ಡಿಗೆ ಹೋದೆ. ಹಳೆಯ ಮೇಜಿಗೂ ಇದೇ ಪರೀಕ್ಷೆ ಮಾಡಿ, ದಾರ ಮುಟ್ಟಿದ್ದನ್ನು ಅವನಿಗೆ ತೋರಿಸಿ, ನೋಡು ಅಣ್ಣ, ಮೇಜಿನಲ್ಲಿ ಎಂದೂ ತಪ್ಪಿರಲಿಲ್ಲ ಎನ್ನಬೇಕೆಂದು ನನ್ನ ಆಸೆ. ಚೂರುಗಳನ್ನಿಟ್ಟೆ, ದಾರ ಎಳೆದೆ, ಬಗ್ಗಿ ನೋಡಿದೆ. ಎರಡು ದಾರಗಳ ನಡುವೆ ನನ್ನ ಕಿರುಬೆರಳು ಆರಾಮವಾಗಿ ತೂರಿತು.

ಮೊದಲು ದಾರವನ್ನು ಅನುಮಾನಿಸಿದೆ. ಬೇರೆ ದಾರ ಕಟ್ಟಿದೆ. ಆಮೇಲೆ ಚೂರುಗಳನ್ನು ಅನುಮಾನಿಸಿ ಅದಲುಬದಲು ಮಾಡಿದೆ. ಆಮೇಲೆ ನನ್ನ ಕಿರುಬೆರಳು ವಯಸ್ಸಿಗೆ ಸಣ್ಣಗಾಗಿರಬಹುದೇ ಎಂದೂ ಯೋಚಿಸಿದೆ, ನಗಬೇಡಿ. ಕೊನೆಗೆ ಅನುಮಾನಿಸಲು ಶೆಡ್ಡಿನಲ್ಲಿ ಉಳಿದದ್ದು ಒಂದೇ. ಸುತ್ತಿಗೆ ತಂದು ಬಲಮುಂಗಾಲಿನ ಬೆಣೆಗೆ ಪಕ್ಕದಿಂದ ಒಂದು ಏಟು ಕೊಟ್ಟೆ. ಬೆಣೆ ಹಾರಿತು, ಕಾಲು ಕೆಳಗೆ ಕೂತಿತು, ಮೇಲಿನ ದಾರ ಇಳಿದು ಕೆಳಗಿನ ದಾರವನ್ನು ಮುಟ್ಟಿತು. ಕುಸಿದದ್ದು ಎರಡು ಕಾಲು, ನಾನು ಎತ್ತುತ್ತಿದ್ದದ್ದು ಒಂದನ್ನೇ. ಮುಂದಿನ ಅಂಚು ಮಟ್ಟ, ಹಿಂದಿನ ಅಂಚು ಓರೆ. ಹಗ್ಗದ ಮಂಚದ ಒಂದೇ ಕಾಲಿಗೆ ಇಟ್ಟಿಗೆ ಇಟ್ಟ ಹಾಗೆ ಆ ತೆಳು ಹಲಗೆಯನ್ನು ದಿನಾ ಬೆಳಿಗ್ಗೆ ನನ್ನ ಕೈಯಾರೆ ತಿರುಚಿ, ಅದರ ಮೇಲೆ ಬಾಗಿಲು ನೇರವಾಗಿ ಬೆಸೆದುಕೊಡು ಎಂದು ಬೋಜಣ್ಣನಿಗೆ ಹೇಳುತ್ತಿದ್ದೆ. ವೆಲ್ಡಿಂಗ್ ಮೇಜು ಮಟ್ಟವಾಗಿರಲೇಬೇಕೆಂಬ ನಿಯಮ ಎಲ್ಲೂ ಇಲ್ಲ. ಗುಡ್ಡದಷ್ಟೇ ಓರೆಯಾಗಿದ್ದರೂ ನಡೆಯುತ್ತದೆ, ತಿರುಚಿರಬಾರದು ಅಷ್ಟೇ. ಗುಡ್ಡದವನಾದ ನನಗೆ ಅದು ಹೊಳೆಯಲೇ ಇಲ್ಲ.

ಸಂಜೆ ಮನೆಗೆ ಬಂದು ಊಟ ಬೇಡವೆಂದೆ. ಗಿರಿಜೆ ಏನಾಯಿತೆಂದು ಕೇಳಿದಾಗ ಹೊಟ್ಟೆ ಸರಿಯಿಲ್ಲ ಅಂದೆ. ನನಗೆ ನಾಚಿಕೆಯಾಗಿತ್ತು.

ಸೋಮವಾರ ಬೋಜಣ್ಣ ಬಂದು ನೆಲದಲ್ಲಿ ಬಿದ್ದಿದ್ದ ಬೆಣೆಯನ್ನು ನೋಡಿದ. ಅದನ್ನು ಕಾಲಿನಿಂದ ಮೂಲೆಗೆ ಸರಿಸಿ, ಹೊಸ ಹಲಗೆಯ ಅಡಿಮಗ್ಗುಲಲ್ಲಿ ಸೀಮೆಸುಣ್ಣದಿಂದ ಕಾಲಿನ ಗುರುತು ಹಾಕಲು ಶುರುಮಾಡಿದ. ಈ ಕಡೆಯ ಎರಡು ಮೂಲೆಗೆ ಎರಡು, ಆ ಕಡೆಯ ನಡುಮಧ್ಯೆ ಒಂದು.

"ಇನ್ನೊಂದು?" ಅಂದೆ.

"ಮೂರೇ ಸಾಕು."

"ಮೂರು ಕಾಲಿನ ಮೇಜು ಯಾರಾದರೂ ಮಾಡ್ತಾರಾ ಅಣ್ಣ?"

ಅವನು ಗುರುತು ಹಾಕುತ್ತಲೇ ಇದ್ದ. "ನಾಲ್ಕು ಕಾಲಾದರೆ ಒಂದಕ್ಕೆ ಆಪ್ಪು ಹೊಡೆದರೆ ತಿರುಚುತ್ತೆ. ಮೂರು ಕಾಲಾದರೆ ಯಾವುದಕ್ಕೆ ಎಷ್ಟು ಹೊಡೆದರೂ ಎಲ್ಲ ಒಟ್ಟಿಗೆ ವಾಲುತ್ತೆ, ತಿರುಚೋದಿಲ್ಲ. ನೀ ಬೆಳಿಗ್ಗೆ ಬೇಗ ಬಂದು ಎಷ್ಟು ಬೇಕೋ ಹೊಡಕೋ. ನಿನಗೂ ಸಮಾಧಾನ, ಕೆಲಸಕ್ಕೂ ಕೆಡುಕಿಲ್ಲೆ."

ನಾನು ಮೂಲೆಯಲ್ಲಿದ್ದ ಬೆಣೆಯ ಕಡೆ ನೋಡಿದೆ. "ನಿನಗೆ ಗೊತ್ತಿತ್ತಾ?"

"ಎರಡು ಸಲ ನಾನೇ ತೆಗೆದು ಎಸೆದೆ. ಮಾರನೇ ದಿನ ನೀ ಇನ್ನೂ ದಪ್ಪದ್ದು ಹೊಡೆದಿದ್ದೆ. ಮೇಜು ಸರಿ ಇಲ್ಲೆ ಅಂತ ಎಷ್ಟು ಸಲ ಹೇಳಿದೆ, ನೀ ಕೇಳಿಸಿಕೊಳ್ಳಲಿಲ್ಲ. ಜಾಗ ನಿನ್ನದು, ಮೇಜು ನಿನ್ನದು. ನಿನ್ನ ಆಪ್ಪು ತಪ್ಪು ಅಂತ ಎದುರಿಗೆ ಹೇಗೆ ಹೇಳಲಿ?"

ಆಗ ನಾನು ಎಲ್ಲ ಹೇಳಿಬಿಟ್ಟೆ. ಕಣ್ಣಿನ ಮೇಲೆ ಅನುಮಾನ ಪಟ್ಟದ್ದು, ಡಬ್ಬಿ ಸರಿಸಿದ್ದು, ಈ ಮೇಜು ಅವನನ್ನು ಸಿಕ್ಕಿಹಾಕಿಸಲೆಂದೇ ಮಾಡಿಸುತ್ತಿರುವುದು, ಮೂರನೇ ಬಾಗಿಲು ಕೆಟ್ಟರೆ ಮನೆಗೆ ಕಳಿಸಬೇಕೆಂದುಕೊಂಡದ್ದು. ಮಧ್ಯೆ ನಿಲ್ಲಿಸಿದರೆ ಮತ್ತೆ ಧೈರ್ಯ ಬರುವುದಿಲ್ಲವೆಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವನು ಸೀಮೆಸುಣ್ಣ ಕೆಳಗಿಟ್ಟು ಕೈ ಒರೆಸಿಕೊಂಡ.

"ಎಡಗಣ್ಣು ಒಂದು ವರ್ಷದಿಂದ ಮಂಜು," ಅಂದ. "ಪೊರೆ ಬಂದಿದೆ. ಕೆಲಸಕ್ಕೆ ಬಲಗಣ್ಣು ಸಾಕು, ಉಳಿದದ್ದು ರಾಡಿನ ಸದ್ದಿನಲ್ಲಿ ಗೊತ್ತಾಗುತ್ತೆ. ನೀ ಕೇಳಿದ್ದರೆ ಹೇಳ್ತಿದ್ದೆ ಹಾಲ. ನೀ ಕೇಳಲಿಲ್ಲ. ನೀ ಬರೀ ನೋಡ್ತಾ ಇದ್ದೆ."

ಬೈದಿದ್ದರೆ ವಾಸಿಯಿತ್ತು. ಬೈಗುಳಕ್ಕೆ ನಾನು ಉತ್ತರ ಕೊಡಬಲ್ಲೆ. ಈ ಮಾತಿಗೆ ಎಂಟು ವರ್ಷದ ಎಲ್ಲ ದಿನಗಳೂ ಮುಂದೆ ಬಂದು ನಿಂತವು. "ಆಪರೇಷನ್ನಿಗೆ ಯಾಕೆ ಹೋಗಲಿಲ್ಲ?" ಎಂದು ಕೇಳಿದೆ. ತಿಂಗಳುಗಟ್ಟಲೆ ಕೂತರೆ ನೀ ಬೇರೆಯವರನ್ನು ತಂದುಬಿಡುತ್ತೀಯೆಂದು ಹೆದರಿಕೆ ಅಂದ. ಅವನ ಅನುಮಾನವಾದರೂ ನಿಜವಾಗಿತ್ತು.

ಮೂರು ಕಾಲಿನ ಮೇಜು ಎದ್ದು ನಿಂತಿತು. ಅದರ ಮೇಲೆ ಮೊದಲು ಮಾಡಿದ್ದು ಬಾಲವಾಡಿಯ ಮೂರನೇ ಬಾಗಿಲು. ಕೂರಿಸಿದ ದಿನ ಮಾದಿಯಮ್ಮ ನಾಲ್ಕು ಮೂಲೆಗೂ ಬೆರಳು ಹಾಕಿ ಪರೀಕ್ಷೆ ಮಾಡಿದಳು, ಒಳಗೆ ಹೋಗಿ ಚಿಲಕ ಹಾಕಿಕೊಂಡು ನಮ್ಮಿಬ್ಬರಿಗೂ ಹೊರಗಿನಿಂದ ದೂಡಲು ಹೇಳಿದಳು. ದೂಡಿದೆವು. ಬಾಗಿಲು ಕದಲಲಿಲ್ಲ. "ಕರಡಿಗೆ ನಿಮ್ಮಿಬ್ಬರಿಗಿಂತ ಶಕ್ತಿ ಜಾಸ್ತಿ, ಇರಲಿ," ಎಂದು ಒಳಗಿನಿಂದಲೇ ಒಪ್ಪಿಗೆ ಕೊಟ್ಟಳು.

ಮುಂದಿನ ವಾರ ಶೆಡ್ಡಿಗೆ ಬೀಗ ಹಾಕಿ ಇಬ್ಬರೂ ಬೆಟ್ಟ ಇಳಿದು ಬಯಲಿನ ಒಂದು ಕಣ್ಣಾಸ್ಪತ್ರೆಗೆ ಹೋದೆವು. "ಡಾಕ್ಟರ ಹತ್ತಿರ ಮಾತಾಡೋದು ನಾನು, ನೀ ಸುಮ್ಮನೆ ಕೂತಿರು," ಎಂದು ಬೋಜಣ್ಣ ಬಸ್ಸಿನಲ್ಲೇ ಎಚ್ಚರಿಸಿದ್ದ. ಕೂತಿದ್ದೆ. ಆಪರೇಷನ್ ಕೋಣೆಯ ಬಾಗಿಲಲ್ಲಿ ನರ್ಸಮ್ಮ, ಜೇಬಿನಲ್ಲಿರೋದನ್ನೆಲ್ಲ ಜೊತೆಗೆ ಬಂದವರಿಗೆ ಕೊಡಿ ಅಂದಳು. ಅವನು ಉಂಗುರ ಬಿಚ್ಚಿದ, ಜೇಬಿನಲ್ಲಿದ್ದದ್ದನ್ನೆಲ್ಲ ಕರ್ಚೀಫಿಗೆ ಸುರಿದ, ನಾಲ್ಕು ತುದಿ ಸೇರಿಸಿ ಗಂಟು ಹಾಕಿ ನನ್ನ ಕೈಗಿಟ್ಟ. ಏನೇನಿದೆ ಎಂದು ಹೇಳಲಿಲ್ಲ. ನೋಡಿಕೋ ಎಂದೂ ಅನ್ನಲಿಲ್ಲ. ಒಳಗೆ ಹೋದ.

ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನಲ್ಲಿ ಒಂದೂವರೆ ಗಂಟೆ ಕಾದೆ. ಬಿಚ್ಚಿ ನೋಡಬೇಕೆಂದು ಎರಡು ಮೂರು ಸಲ ಅನಿಸಿತು, ಸುಳ್ಳೇಕೆ ಹೇಳಲಿ. ಒಂದು ಸಲ ಕೈ ಗಂಟಿನ ತನಕ ಹೋಗಿಯೂ ಬಂತು. ಅವನು ಎಡಗಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಗೋಡೆ ಹಿಡಿದು ಹೊರಗೆ ಬಂದಾಗ ಎದ್ದುಹೋಗಿ, ಅವನು ಹಾಕಿದ ಗಂಟನ್ನು ಇದ್ದ ಹಾಗೇ ಅವನ ಕೈಗೆ ಕೊಟ್ಟೆ.

ಅವನೂ ಬಿಚ್ಚಿ ನೋಡಲಿಲ್ಲ. ಜೇಬಿಗೆ ಹಾಕಿಕೊಂಡು, "ಹಸಿವಾಗ್ತಿದೆ, ನಡಿ," ಅಂದ.